ಕಛೇರಿಯ ಫೋಟೊಗೆ ವೇದಿಕೆಯ ಬೆಳಕೇ ಸಾಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಸಾಂಸ್ಕೃತಿಕ ಪುಟದಲ್ಲಿ ಕಳೆದ ವಾರ ಒಂದು ಸಂಗೀತ ಕಛೇರಿಯ ವರದಿ ಬಂದಿತ್ತು. ವರದಿ ಚೆನ್ನಾಗಿತ್ತು. ಅದರ ಪಕ್ಕದಲ್ಲಿದ್ದ ಫೋಟೊ ಬಗ್ಗೆ ಈ ಪತ್ರ. ಗಾಯಕಿಯ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಮೈಕಿನ ನೆರಳು ಗಲ್ಲದ ಮೇಲೆ ಕಪ್ಪಗೆ ಬಿದ್ದಿತ್ತು. ಪಿಟೀಲು ನುಡಿಸುತ್ತಿದ್ದವರ ಕನ್ನಡಕದಲ್ಲಿ ಎರಡು ಬಿಳಿ ಚುಕ್ಕೆ. ತಾಳವಾದ್ಯದವರು ಹಿಂದಿನ ಕತ್ತಲಲ್ಲಿ ಅರ್ಧ ಕಾಣೆಯಾಗಿದ್ದರು. ಆ ಸಂಜೆ ಆ ವೇದಿಕೆಗೆ ಬೆಳಕು ಮಾಡಿದ್ದು ನಾನು. ನಾನು ಮಾಡಿದ ಬೆಳಕು ಆ ಫೋಟೊದಲ್ಲಿ ಒಂದಿಷ್ಟೂ ಇಲ್ಲ.

ಫೋಟೊ ತೆಗೆದವರ ಮೇಲೆ ದೂರು ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಅವರ ಜೊತೆ ಮಾತಾಡಿದೆ. ಕೆಲಸ ಬಲ್ಲವರು. ಕೈಯಲ್ಲಿ ಒಳ್ಳೆಯ ಕ್ಯಾಮೆರಾ ಇತ್ತು, ಜಾಸ್ತಿ ಬೆಳಕು ಒಳಗೆ ಬಿಡುವ ಎಫ್ 2.8 ಲೆನ್ಸ್ ಇತ್ತು (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಬಿಡುವ ಬೆಳಕು ಜಾಸ್ತಿ). ಇಷ್ಟೆಲ್ಲ ಇದ್ದೂ ಫ್ಲ್ಯಾಶ್ ಯಾಕೆ ಅಂತ ಕೇಳಿದೆ. "ಫ್ಲ್ಯಾಶ್ ಇಲ್ಲದೆ ತೆಗೆದದ್ದನ್ನೂ ಕಳಿಸ್ತೀನಿ ಮೇಡಂ. ಡೆಸ್ಕಿನವರು ಬೆಳ್ಳಗಿರೋದನ್ನೇ ಆರಿಸ್ತಾರೆ" ಅಂದರು. ಹಾಗಾಗಿ ಈ ಪತ್ರ ಅವರಿಗಲ್ಲ, ನಿಮಗೆ. ಕಛೇರಿಯ ಫೋಟೊಗಳನ್ನು ವೇದಿಕೆಯಲ್ಲಿ ಇರುವ ಬೆಳಕಿನಲ್ಲೇ ತೆಗೆಯಿರಿ ಅಂತ ನಿಮ್ಮ ಛಾಯಾಗ್ರಾಹಕರಿಗೆ ಹೇಳಿ. ಅವರು ಹಾಗೆ ತೆಗೆದು ತಂದದ್ದನ್ನು ಡೆಸ್ಕಿನಲ್ಲಿ ಆರಿಸಿ. ನನ್ನ ಕೋರಿಕೆ ಇಷ್ಟೇ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವೇದಿಕೆಗೆ ಬೆಳಕು ಮಾಡುವುದು ಅಂದರೆ ಎಲ್ಲರೂ ಕಾಣುವ ಹಾಗೆ ಒಂದಿಷ್ಟು ಲೈಟು ಹಾಕಿಬಿಡುವುದಲ್ಲ. ಹಾಡುವವರ ಮುಖಕ್ಕೆ ಎದುರಿನಿಂದ, ಒಂದು ಪಕ್ಕಕ್ಕೆ ಸರಿದು, ಸುಮಾರು 45 ಡಿಗ್ರಿ ಮೇಲಿನಿಂದ ಒಂದು ಬೆಳಕು ಬೇಕು. ಇನ್ನೊಂದು ಪಕ್ಕದಿಂದ ಅದಕ್ಕಿಂತ ಮೆತ್ತಗಿನದು. ಹಿಂದಿನಿಂದ ಒಂದು. ಈ ಹಿಂದಿನ ಬೆಳಕು ಕೂದಲಿನ ಅಂಚು, ಹೆಗಲಿನ ಅಂಚು ಹಿಡಿದು ಹಾಡುವವರನ್ನು ಹಿಂದಿನ ಪರದೆಯಿಂದ ಬಿಡಿಸಿ ತೋರಿಸುತ್ತದೆ. ಪಕ್ಕವಾದ್ಯದವರ ಕೈಗೆ ಬೇರೆಯೇ ಲೈಟು, ಯಾಕೆಂದರೆ ಕೇಳುಗರು ಅವರ ಬೆರಳು ನೋಡುತ್ತಿರುತ್ತಾರೆ. ನಿಧಾನದ ಹಾಡು ಬಂದಾಗ ಡಿಮ್ಮರ್ ಇಳಿಸುತ್ತೇನೆ. ವೇಗ ಹೆಚ್ಚಾದ ಹಾಗೆ ಸ್ವಲ್ಪ ಸ್ವಲ್ಪವೇ ಏರಿಸುತ್ತೇನೆ, ಯಾರ ಗಮನಕ್ಕೂ ಬಾರದ ಹಾಗೆ. ಇದನ್ನೆಲ್ಲ ಹಾಡುವವರ ಜೊತೆ ಮೊದಲೇ ಕೂತು ಮಾತಾಡಿ, ಅವರು ಏನು ಹಾಡುತ್ತಾರೆ ಅಂತ ಕೇಳಿಕೊಂಡು ಮಾಡಿರುತ್ತೇನೆ.

ಕ್ಯಾಮೆರಾದ ತಲೆಯ ಮೇಲೆ ಕೂತ ಫ್ಲ್ಯಾಶ್ ಇದನ್ನೆಲ್ಲ ಒಂದೇ ಏಟಿಗೆ ಅಳಿಸುತ್ತದೆ. ಅದು ನೇರ ಎದುರಿನಿಂದ ಹೊಡೆಯುತ್ತದೆ. ಮೂಗಿನ ಪಕ್ಕದ ನೆರಳು ಹೋಯಿತು, ಕಣ್ಣಿನ ಆಳ ಹೋಯಿತು, ಮುಖ ಚಪ್ಪಟೆಯಾಯಿತು. ಹಣೆಯ ಬೆವರು ಬಿಳಿ ಮಚ್ಚೆಯಾಗಿ ಕಾಣುತ್ತದೆ. ಪಿಟೀಲಿನ ವಾರ್ನಿಶ್ ಮೇಲೆ ಇನ್ನೊಂದು ಮಚ್ಚೆ. ಬಣ್ಣವೂ ಹೊಂದುವುದಿಲ್ಲ. ಹ್ಯಾಲೊಜನ್ ಸ್ಪಾಟ್‌ಲೈಟಿನ ಬಣ್ಣ ಸುಮಾರು 3200 ಕೆಲ್ವಿನ್, ಅಂದರೆ ಬೆಚ್ಚಗಿನ ಹಳದಿ. ಫ್ಲ್ಯಾಶ್ ಸುಮಾರು 5500 ಕೆಲ್ವಿನ್, ನಡುಹಗಲಿನ ಬಿಳಿ. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಕೆನ್ನೆ ಒಂದು ಬಣ್ಣ, ಕೂದಲಿನ ಅಂಚು ಇನ್ನೊಂದು ಬಣ್ಣ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಒಂದನ್ನು ಸರಿಮಾಡಲು ಹೋಗಿ ಇನ್ನೊಂದು ಕೆಡುತ್ತದೆ.

ದೂರದ ವಿಷಯ ಇನ್ನೂ ಮುಖ್ಯ. ಸಣ್ಣ ಬಲ್ಬಿನಿಂದ ಹೊರಟ ಬೆಳಕು ದೂರ ಹೋದ ಹಾಗೆ ಬಹಳ ಬೇಗ ತೆಳುವಾಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಭಾಗ. ಛಾಯಾಗ್ರಾಹಕರು ವೇದಿಕೆಯ ಅಂಚಿನಲ್ಲಿ ನಿಂತಿದ್ದಾರೆ ಅಂದುಕೊಳ್ಳಿ. ಗಾಯಕಿ 3 ಮೀಟರ್ ದೂರ, ತಾಳವಾದ್ಯದವರು 6 ಮೀಟರ್ ದೂರ, ಹಿಂದಿನ ಪರದೆ 9 ಮೀಟರ್ ದೂರ. ಗಾಯಕಿಗೆ ಸರಿಯಾಗುವಷ್ಟು ಫ್ಲ್ಯಾಶ್ ಹೊಡೆದರೆ ತಾಳವಾದ್ಯದವರಿಗೆ ಸಿಗುವುದು ಅದರ ಕಾಲು ಭಾಗ, ಪರದೆಗೆ ಒಂಬತ್ತರಲ್ಲಿ ಒಂದು. ನಿಮ್ಮ ಫೋಟೊದಲ್ಲಿ ಆಗಿದ್ದು ಇದೇ. ಒಟ್ಟಿಗೆ ಕೂತು ನುಡಿಸಿದವರಲ್ಲಿ ಮುಂದಿದ್ದವರು ಉಳಿದರು, ಹಿಂದಿದ್ದವರು ಕತ್ತಲಿಗೆ ಹೋದರು. ವೇದಿಕೆಯ ಲೈಟುಗಳು ದೂರದಿಂದ, ಎತ್ತರದಿಂದ, ಬೇರೆ ಬೇರೆ ಕಡೆಯಿಂದ ಬರುತ್ತವೆ. ಅದಕ್ಕೇ ಅಲ್ಲಿ ಎಲ್ಲರೂ ಕಾಣುತ್ತಾರೆ.

ಕೆಲವರು ಎರಡನ್ನೂ ಬೆರೆಸುತ್ತಾರೆ. ಶಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು, ನಿಧಾನವಾಗಿಟ್ಟು ವೇದಿಕೆಯ ಬೆಳಕನ್ನೂ ಒಳಗೆ ಬಿಟ್ಟು, ಫ್ಲ್ಯಾಶ್ ಕಡಿಮೆ ಮಾಡಿ ಹೊಡೆಯುತ್ತಾರೆ. ಫೋಟೊ ಸ್ವಲ್ಪ ಸುಧಾರಿಸುತ್ತದೆ, ನಿಜ. ಆದರೆ ಸಭಾಂಗಣದಲ್ಲಿ ಕೂತವರಿಗೆ, ಹಾಡುವವರಿಗೆ ಫ್ಲ್ಯಾಶ್ ಫ್ಲ್ಯಾಶೇ.

ಹಾಡುವವರ ಕಡೆಯಿಂದಲೂ ನೋಡಬೇಕು, ಅಲ್ವಾ? ಸಂಗೀತಗಾರರು ಒಬ್ಬರನ್ನೊಬ್ಬರು ಕಣ್ಣಲ್ಲೇ ಮಾತಾಡಿಸುತ್ತಾ ನುಡಿಸುತ್ತಾರೆ. ಈ ಸಾಲನ್ನು ಇನ್ನೊಮ್ಮೆ ಹಾಡುತ್ತೇನೆ, ಇಲ್ಲಿ ನಿಲ್ಲಿಸುತ್ತೇನೆ, ಈಗ ನೀನು ನುಡಿಸು. ಇದೆಲ್ಲ ಒಂದು ನೋಟದಲ್ಲಿ, ಒಂದು ತಲೆಯಾಡಿಸುವುದರಲ್ಲಿ ಆಗಿಹೋಗುತ್ತದೆ. ಆ ಹೊತ್ತಿಗೆ ಕಣ್ಣಿಗೆ ಫ್ಲ್ಯಾಶ್ ಬಿದ್ದರೆ ಸ್ವಲ್ಪ ಹೊತ್ತು ಕಣ್ಣೆದುರು ಒಂದು ಬಣ್ಣದ ಮಚ್ಚೆ ತೇಲುತ್ತಿರುತ್ತದೆ. ಎಲ್ಲಿ ನೋಡಿದರೂ ಅದು ಅಡ್ಡ ಬರುತ್ತದೆ. ನನಗೆ ಗೊತ್ತಿರುವ ಒಬ್ಬ ಪಿಟೀಲು ವಾದಕಿ ಹೇಳಿದ್ದು: "ಕಣ್ಣು ಮುಚ್ಚಿಕೊಂಡು ನುಡಿಸೋಕೆ ಬರುತ್ತೆ. ಆದರೆ ಮುಂದಿರೋರ ಮುಖ ನೋಡಲೇಬೇಕಾದ ಜಾಗದಲ್ಲೇ ಫ್ಲ್ಯಾಶ್ ಬೀಳುತ್ತೆ, ಯಾಕಂದ್ರೆ ಫೋಟೊದವರಿಗೂ ಆ ಜಾಗವೇ ಬೇಕು." ಅವರ ಮಾತು ಪೂರ್ತಿ ಸರಿ. ಸಂಗೀತ ಉತ್ತುಂಗಕ್ಕೆ ಬಂದಾಗಲೇ ಎಲ್ಲ ಕ್ಯಾಮೆರಾಗಳೂ ಏಳುತ್ತವೆ. ಎಲ್ಲಕ್ಕಿಂತ ಜಾಸ್ತಿ ಏಕಾಗ್ರತೆ ಬೇಕಾದ ಹೊತ್ತಿಗೆ ಎಲ್ಲಕ್ಕಿಂತ ಜಾಸ್ತಿ ಫ್ಲ್ಯಾಶ್.

ಕೇಳುಗರ ಕಣ್ಣೂ ಅಷ್ಟೇ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಕಛೇರಿಯ ನಡುವೆ ಬರುವಷ್ಟರಲ್ಲಿ ಜನರ ಕಣ್ಣು ಮಂದ ಬೆಳಕಿಗೆ ಒಗ್ಗಿರುತ್ತದೆ. ಅದನ್ನು ನಂಬಿಕೊಂಡೇ ನಾನು ಲೈಟನ್ನು ಇಳಿಸುತ್ತೇನೆ. ಫ್ಲ್ಯಾಶ್ ಹಾರಿದ ಮೇಲೆ ಅದೇ ಬೆಳಕು ಅವರಿಗೆ ಸಾಲದೆ ಹೋಗುತ್ತದೆ.

ಈಗ ಮುಖ್ಯವಾದ ಪ್ರಶ್ನೆ. ವೇದಿಕೆಯ ಬೆಳಕು ಫೋಟೊಗೆ ಸಾಕಾಗುತ್ತದೆಯೇ? ಬಿಡುವಿದ್ದಾಗ ನಾನೂ ಫೋಟೊ ತೆಗೆಯುತ್ತೇನೆ, ಲೈಟ್ ಮೀಟರ್ ಯಾವಾಗಲೂ ನನ್ನ ಚೀಲದಲ್ಲಿರುತ್ತದೆ, ಹಾಗಾಗಿ ಅಂಕಿಯಲ್ಲೇ ಹೇಳುತ್ತೇನೆ. ಒಂದು ಸಾಧಾರಣ ಕಛೇರಿಯಲ್ಲಿ ಹಾಡುವವರ ಮುಖದ ಮೇಲೆ 200 ಲಕ್ಸ್ ಬೆಳಕು ಇದೆ ಅಂದುಕೊಳ್ಳಿ. ಓದುವ ಕೋಣೆಯ ಬೆಳಕಿಗಿಂತ ಇದು ಕಡಿಮೆಯೇ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ, 3200 ಮಾಡಿ, ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್ 2.8 ಇಟ್ಟರೆ ಸೆಕೆಂಡಿನ 1/250 ಶಟರ್ ವೇಗ ಆರಾಮಾಗಿ ಸಿಗುತ್ತದೆ. ಹಾಡುವವರಿಗೆ 1/125 ಸಾಕು. ಕೈ ಜೋರಾಗಿ ಆಡಿಸುವ ತಾಳವಾದ್ಯದವರಿಗೆ 1/250, ಬೇಕಾದರೆ 1/500. ಬೆಳಕು ಇನ್ನೂ ಅರ್ಧಕ್ಕೆ ಇಳಿದರೆ ಐಎಸ್‌ಒ 6400 ಮಾಡಿ. ಅಷ್ಟೇ.

ಲೆನ್ಸ್ ವಿಷಯ ಇಲ್ಲಿ ಹೇಳಲೇಬೇಕು. ಕ್ಯಾಮೆರಾ ಜೊತೆಗೇ ಬರುವ ಸಾದಾ ಜೂಮ್ ಲೆನ್ಸನ್ನು ಪೂರ್ತಿ ಎಳೆದರೆ ಸಾಮಾನ್ಯವಾಗಿ ಎಫ್ 5.6ಕ್ಕೆ ನಿಲ್ಲುತ್ತದೆ. ಎಫ್ 1.8 ಲೆನ್ಸ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಹೊಸ ಛಾಯಾಗ್ರಾಹಕರು ಮೊದಲು ಫ್ಲ್ಯಾಶ್ ಕೊಳ್ಳುತ್ತಾರೆ, ಆಮೇಲೆ ಲೆನ್ಸ್ ಯೋಚನೆ ಮಾಡುತ್ತಾರೆ. ಕಛೇರಿ ಫೋಟೊ ತೆಗೆಯುವ ಆಸೆ ಇದ್ದರೆ ಇದು ಉಲ್ಟಾ ಆಗಬೇಕು. ದೂರದ ಮುಖವನ್ನು ಹತ್ತಿರ ತೋರಿಸುವ 85 ಮಿ.ಮೀ. ಎಫ್ 1.8 ಲೆನ್ಸ್ ಒಂದಿದ್ದರೆ ಅರ್ಧ ಕೆಲಸ ಮುಗಿಯಿತು.

ಇನ್ನೊಂದು ತೊಡಕು ಕ್ಯಾಮೆರಾದ ಆಟೊ ಅಳತೆ. ಕ್ಯಾಮೆರಾ ಎದುರಿನ ದೃಶ್ಯವನ್ನೆಲ್ಲ ಸೇರಿಸಿ ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಹಿಂದೆ ದೊಡ್ಡ ಕಪ್ಪು ಪರದೆ, ಮುಂದೆ ಬೆಳಗಿದ ಒಂದು ಪುಟ್ಟ ಮುಖ. ಕ್ಯಾಮೆರಾ ಆ ಕಪ್ಪನ್ನು ಬೂದು ಮಾಡಲು ಹೋಗಿ ಮುಖವನ್ನು ಸುಟ್ಟುಬಿಡುತ್ತದೆ. ಜೊತೆಗೆ ಶಟರ್ ನಿಧಾನವಾಗಿ ನುಡಿಸುವವರ ಕೈಯೂ ಕಲಸಿಹೋಗುತ್ತದೆ. ಇದನ್ನು ನೋಡಿದವರು "ಬೆಳಕು ಸಾಲದು" ಅಂದುಕೊಂಡು ಫ್ಲ್ಯಾಶ್ ಹಾಕುತ್ತಾರೆ. ನಿಜಕ್ಕೂ ಅಲ್ಲಿ ಬೆಳಕು ಸಾಕಷ್ಟಿತ್ತು. ಸ್ಪಾಟ್ ಮೀಟರಿಂಗ್ ಇಟ್ಟು ಮುಖವನ್ನಷ್ಟೇ ಅಳೆಯಬೇಕು, ಇಲ್ಲವೇ ಎಕ್ಸ್‌ಪೋಶರನ್ನು, ಅಂದರೆ ಚಿತ್ರಕ್ಕೆ ಬಿಡುವ ಬೆಳಕನ್ನು, ಒಂದು ಎರಡು ಸ್ಟಾಪ್ ಇಳಿಸಬೇಕು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನ್ಯುಯಲ್‌ನಲ್ಲಿ ಇಟ್ಟುಬಿಟ್ಟರೆ ಇನ್ನೂ ನೆಮ್ಮದಿ. ಬಹುಪಾಲು ಕಛೇರಿಗಳಲ್ಲಿ ಮುಖದ ಬೆಳಕು ಒಂದು ಹಾಡಿನ ಒಳಗೆ ಅಷ್ಟೇನೂ ಬದಲಾಗುವುದಿಲ್ಲ.

"ಐಎಸ್‌ಒ ಏರಿಸಿದರೆ ಫೋಟೊ ಕಾಳು ಕಾಳಾಗುತ್ತದೆ" ಅನ್ನುವುದು ನಿಮ್ಮ ಡೆಸ್ಕಿನವರ ಮುಖ್ಯ ಆಕ್ಷೇಪ ಇರಬಹುದು. ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಇವತ್ತಿನ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6000 ಪಿಕ್ಸೆಲ್ ಅಗಲ. ನಿಮ್ಮ ಪುಟದಲ್ಲಿ ಆ ಫೋಟೊ ಸುಮಾರು 10 ಸೆಂಟಿಮೀಟರ್ ಅಗಲಕ್ಕೆ ಅಚ್ಚಾಗಿತ್ತು. ಇಂಚಿಗೆ 200 ಪಿಕ್ಸೆಲ್ ಲೆಕ್ಕದಲ್ಲಿ ಅಷ್ಟಕ್ಕೆ ಬೇಕಾಗುವುದು 800 ಪಿಕ್ಸೆಲ್‌ಗಿಂತ ಸ್ವಲ್ಪ ಕಡಿಮೆ. ಅಂದರೆ ಕ್ಯಾಮೆರಾದ ಐವತ್ತಕ್ಕೂ ಹೆಚ್ಚು ಪಿಕ್ಸೆಲ್‌ಗಳು ಸೇರಿ ಪತ್ರಿಕೆಯಲ್ಲಿ ಒಂದು ಪಿಕ್ಸೆಲ್ ಆಗುತ್ತವೆ. ಕಾಳುಗಳು ಒಂದಕ್ಕೊಂದು ಕೂಡಿ ಕಳೆದು ಬಹುಪಾಲು ಮಾಯವಾಗುತ್ತವೆ. ಅದರ ಮೇಲೆ ಪತ್ರಿಕೆಯ ಅಚ್ಚೇ ಚುಕ್ಕಿಗಳ ಅಚ್ಚು, ಸಾಮಾನ್ಯವಾಗಿ ಇಂಚಿಗೆ 85ರಿಂದ 100 ಸಾಲು ಚುಕ್ಕಿ. ಆ ಚುಕ್ಕಿಗಳ ನಡುವೆ ಐಎಸ್‌ಒ 6400ರ ಕಾಳನ್ನು ಹುಡುಕಿ ತೋರಿಸುವುದು ಯಾರಿಗೂ ಸುಲಭವಲ್ಲ. ಡೆಸ್ಕಿನವರು ದೊಡ್ಡ ಪರದೆಯಲ್ಲಿ ನೂರಕ್ಕೆ ನೂರು ಹಿಗ್ಗಿಸಿ ನೋಡಿ ಬೇಡ ಅನ್ನುತ್ತಾರೆ. ಓದುಗರು ಹಾಗೆ ನೋಡುವುದೇ ಇಲ್ಲ. ಅಚ್ಚಾಗುವ ಅಳತೆಗೆ ಇಳಿಸಿ ನೋಡಿ, ಆಮೇಲೆ ತೀರ್ಮಾನ ಮಾಡಲಿ.

ಕತ್ತಲೆ ಫೋಟೊ ಬೇಡ ಅನ್ನುವುದಕ್ಕೆ ಡೆಸ್ಕಿನವರ ಬಳಿ ಒಂದು ನ್ಯಾಯವಾದ ಕಾರಣವೂ ಇದೆ. ಪತ್ರಿಕೆಯ ಕಾಗದ ಶಾಯಿ ಹೀರುತ್ತದೆ. ಚುಕ್ಕಿ ಹರಡಿಕೊಂಡು ನೆರಳೆಲ್ಲ ಇನ್ನಷ್ಟು ಕಪ್ಪಾಗುತ್ತದೆ. ಪರದೆಯ ಮೇಲೆ ಕಾಣುವ ಗಾಢ ನೆರಳು ಕಾಗದದ ಮೇಲೆ ಬರೀ ಮಸಿಯಾಗಿ ಬೀಳಬಹುದು. ಆದರೆ ಇದಕ್ಕೆ ಪರಿಹಾರ ಅಚ್ಚಿನ ಮೊದಲು ನಡು ಛಾಯೆಗಳನ್ನು ಸ್ವಲ್ಪ ಎತ್ತುವುದು. ಮುಖದ ನೆರಳಿನ ಭಾಗವನ್ನು ತುಸು ತೆರೆಯುವುದು. ಹಿಂದಿನ ಪರದೆಯನ್ನು ಕಪ್ಪಾಗಿಯೇ ಬಿಡುವುದು. ಕ್ಯಾಮೆರಾ ತಾನಾಗಿ ತಿದ್ದದೆ ಹಾಗೇ ಉಳಿಸಿದ ರಾ ಫೈಲ್ ಇದ್ದರೆ ಇದು ಕೆಲವು ನಿಮಿಷದ ಕೆಲಸ. ಈ ಕೆಲಸವನ್ನು ಆಟೊ ಬಟನ್ನಿಗೆ ಬಿಡಬಾರದು. ಅದು ಕಪ್ಪು ಪರದೆಯನ್ನು ಎತ್ತಿ ಬೂದು ಮಾಡುತ್ತದೆ, ಆಗ ಕಾಳೂ ಎದ್ದು ಕಾಣುತ್ತದೆ, ವೇದಿಕೆಯೂ ವೇದಿಕೆಯಾಗಿ ಉಳಿಯುವುದಿಲ್ಲ.

ಕ್ಯಾಮೆರಾಗಳು ಇಷ್ಟು ಬೆಳೆಯುವ ಎಷ್ಟೋ ಮೊದಲೇ ಇರುವ ಬೆಳಕಿನಲ್ಲಿ ಫೋಟೊ ತೆಗೆದವರಿದ್ದಾರೆ. ಮೆಗ್ನೀಸಿಯಂ ಸೇರಿಸಿದ ಫ್ಲ್ಯಾಶ್ ಪುಡಿ ಜರ್ಮನಿಯಲ್ಲಿ ಬಂದದ್ದು 1887ರಲ್ಲಿ. ಅದು ಹೊತ್ತಿಕೊಂಡರೆ ಕೋಣೆಯೆಲ್ಲ ಹೊಗೆ. ಅದೇ ದೇಶದಲ್ಲಿ 1920ರ ದಶಕದಲ್ಲಿ ಎರ್ಮಾನಾಕ್ಸ್ ಅನ್ನುವ ಪುಟ್ಟ ಕ್ಯಾಮೆರಾ ಬಂತು. ಅದರ ಲೆನ್ಸ್ ಎಫ್ 1.8ರವರೆಗೂ ಇತ್ತು. ಒಂದೊಂದೇ ಗಾಜಿನ ಪ್ಲೇಟ್ ಹಾಕಿ ತೆಗೆಯಬೇಕಿತ್ತು. ಎರಿಕ್ ಸಾಲೊಮನ್ ಅನ್ನುವ ಜರ್ಮನ್ ಛಾಯಾಗ್ರಾಹಕರು ಅದನ್ನು ಹಿಡಿದುಕೊಂಡು ನ್ಯಾಯಾಲಯದ ಒಳಗೆ, ರಾಜಕಾರಣಿಗಳ ಸಭೆಗಳ ಒಳಗೆ ಯಾರಿಗೂ ತೊಂದರೆಯಾಗದ ಹಾಗೆ ಫೋಟೊ ತೆಗೆದರು. 1954ರಲ್ಲಿ ಕೊಡಾಕ್ ಟ್ರೈ-ಎಕ್ಸ್ 35 ಮಿ.ಮೀ. ಫಿಲ್ಮ್ ಆಗಿ ಬಂತು. ಆಮೇಲೆ ಐಎಸ್‌ಒ 400 ಅಂತ ಗುರುತಿಸಿದ ಆ ಫಿಲ್ಮನ್ನು 1600ಕ್ಕೆ ತಳ್ಳಿ, ಅಂದರೆ 1600ರದ್ದು ಅನ್ನುವ ಹಾಗೆ ಕಡಿಮೆ ಬೆಳಕಿನಲ್ಲಿ ಬಳಸಿ, ಡೆವಲಪರ್‌ನಲ್ಲಿ ಜಾಸ್ತಿ ಹೊತ್ತು ಬಿಟ್ಟು ತೊಳೆಯುತ್ತಿದ್ದರು. ಅಮೆರಿಕದ 1967ರ ಮಾಂಟೆರಿ ಸಂಗೀತೋತ್ಸವದಲ್ಲಿ ಛಾಯಾಗ್ರಾಹಕ ಜಿಮ್ ಮಾರ್ಷಲ್ ಲೈಕಾ ಕ್ಯಾಮೆರಾ ಹಿಡಿದು ಓಡಾಡಿದ್ದು ಇಂಥ ಫಿಲ್ಮುಗಳ ಕಾಲದಲ್ಲಿ. 2007ರಲ್ಲಿ ನಿಕಾನ್ ಡಿ3 ಅನ್ನುವ ಡಿಜಿಟಲ್ ಕ್ಯಾಮೆರಾ ಬಂದಾಗ ಐಎಸ್‌ಒ 6400 ಅನ್ನುವುದು ದಿನನಿತ್ಯದ ಅಂಕಿಯಾಯಿತು. 1600ಕ್ಕೆ ತಳ್ಳಿದ ಫಿಲ್ಮಿನ ಕಾಳನ್ನು ಪತ್ರಿಕೆಗಳು ದಶಕಗಳ ಕಾಲ ಸಂತೋಷದಿಂದ ಅಚ್ಚುಹಾಕಿದವು. ಅದಕ್ಕಿಂತ ಎಷ್ಟೋ ನಯವಾದ ಚಿತ್ರಗಳನ್ನು ಇವತ್ತು ಬೇಡ ಅನ್ನುವುದು ನನಗೆ ಅರ್ಥವಾಗುವುದಿಲ್ಲ.

ಫ್ಲ್ಯಾಶಿನಿಂದ ದೊಡ್ಡ ಕೆಲಸ ಮಾಡಿದವರೂ ಇದ್ದಾರೆ, ಅದನ್ನು ಮರೆಮಾಚಬಾರದು. ಜಾಝ್ ಸಂಗೀತಗಾರರ ಫೋಟೊಗಳಿಗೆ ಹೆಸರಾದ ಹರ್ಮನ್ ಲೆನಾರ್ಡ್ 1940ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಫ್ಲ್ಯಾಶನ್ನೇ ಬಳಸಿದರು. ಡೆಕ್ಸ್‌ಟರ್ ಗಾರ್ಡನ್ ಸ್ಯಾಕ್ಸೊಫೋನ್ ಹಿಡಿದು ಹೊಗೆಯ ನಡುವೆ ಕೂತ 1948ರ ಚಿತ್ರ ಅವರದೇ. ಆದರೆ ಅವರು ಫ್ಲ್ಯಾಶನ್ನು ಕ್ಯಾಮೆರಾ ಮೇಲೆ ಇಡಲಿಲ್ಲ. ಕ್ಲಬ್ಬಿನ ಸ್ಪಾಟ್‌ಲೈಟುಗಳು ಇರುವ ಜಾಗದ ಪಕ್ಕದಲ್ಲೇ ತಮ್ಮ ಲೈಟುಗಳನ್ನು ಇಟ್ಟರು. ಬೆಳಕು ಬರುವ ದಿಕ್ಕು ಬದಲಾಗಲಿಲ್ಲ. ಹಿಂದಿನಿಂದ ಬಿದ್ದ ಲೈಟು ಹೊಗೆಯನ್ನು ಬೆಳಗಿಸಿತು. ಲೈಟ್ ಮಾಡುವವಳಾಗಿ ನಾನು ಆ ಚಿತ್ರವನ್ನು ಎಷ್ಟು ಹೊತ್ತು ಬೇಕಾದರೂ ನೋಡಬಲ್ಲೆ. ಆ ಕ್ಲಬ್ಬಿನ ಲೈಟ್ ಮಾಡಿದವರ ಕೆಲಸಕ್ಕೆ ಅಲ್ಲಿ ಮರ್ಯಾದೆ ಇದೆ. ರಿಹರ್ಸಲ್ ಹೊತ್ತಿನಲ್ಲಿ, ಕಲಾವಿದರ ಒಪ್ಪಿಗೆ ಪಡೆದು, ಹೀಗೆ ಮಾಡುವವರಿದ್ದರೆ ನಾನೇ ಏಣಿ ಹಿಡಿದುಕೊಂಡು ನಿಲ್ಲುತ್ತೇನೆ. ಕಾರ್ಯಕ್ರಮ ಮುಗಿದು ಸಭಾಂಗಣದ ಲೈಟೆಲ್ಲ ಹಾಕಿದ ಮೇಲೆ ಎಲ್ಲರನ್ನೂ ನಿಲ್ಲಿಸಿ ತೆಗೆಯುವ ಗುಂಪು ಫೋಟೊಗೂ ಫ್ಲ್ಯಾಶ್ ಹಾಕಲಿ, ಯಾರ ತಕರಾರೂ ಇಲ್ಲ.

ಫ್ಲ್ಯಾಶಿನ ಪರವಾಗಿ ಹೇಳಬಹುದಾದ ಇನ್ನೊಂದು ಮಾತೆಂದರೆ ಅದು ಚಲನೆಯನ್ನು ಹಿಡಿದು ನಿಲ್ಲಿಸುತ್ತದೆ. ಅದರ ಹೊಳಪು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಇರಬಹುದು. ಇರುವ ಬೆಳಕಿನಲ್ಲಿ ಅಷ್ಟು ವೇಗ ಸಿಗುವುದು ಕಷ್ಟ. ಆದರೆ ಸಂಗೀತ ಗೊತ್ತಿರುವ ಛಾಯಾಗ್ರಾಹಕರಿಗೆ ಅದು ಬೇಕಾಗುವುದಿಲ್ಲ. ಪಿಟೀಲಿನ ಕಮಾನು ಒಂದು ತುದಿಗೆ ಹೋಗಿ ದಿಕ್ಕು ಬದಲಿಸುವಾಗ ಅರೆಗಳಿಗೆ ನಿಂತೇ ನಿಲ್ಲುತ್ತದೆ. ಡ್ರಮ್ ಬಾರಿಸುವವರ ಕೋಲು ಮೇಲೆ ಹೋಗಿ ಕೆಳಗಿಳಿಯುವ ಮುಂಚೆ ಹಾಗೇ ನಿಲ್ಲುತ್ತದೆ. ಹಾಡುವವರು ಉದ್ದ ಸ್ವರ ಹಿಡಿದಾಗ ತಲೆ ಅಲುಗುವುದಿಲ್ಲ, ಕಣ್ಣು ಅರ್ಧ ಮುಚ್ಚಿರುತ್ತದೆ. ಕೊಳಲು ನುಡಿಸುವವರು ಉಸಿರು ತೆಗೆದುಕೊಳ್ಳುವಾಗ ತುಟಿ ಕೊಳಲಿನಿಂದ ಕೂದಲೆಳೆಯಷ್ಟು ದೂರವಾಗುತ್ತದೆ. ಇವೆಲ್ಲ 1/125ರಲ್ಲಿ ಸಿಗುತ್ತವೆ. ಅದಕ್ಕೆ ಸುಮ್ನೆ ಬಟನ್ ಒತ್ತುತ್ತಾ ಹೋದರೆ ಆಗುವುದಿಲ್ಲ. ಕ್ಯಾಮೆರಾ ಕೆಳಗಿಟ್ಟು ಒಂದು ಹಾಡನ್ನು ಪೂರ್ತಿ ಕೇಳಬೇಕು. ಇವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಪಕ್ಕದವರನ್ನು ಯಾವಾಗ ನೋಡುತ್ತಾರೆ, ನಗುವುದು ಎಲ್ಲಿ ಅನ್ನುವುದು ಆಗ ಗೊತ್ತಾಗುತ್ತದೆ. ಇನ್ನು ಮುಖ ಸ್ಪಷ್ಟವಾಗಿದ್ದು ಕೈ ಸ್ವಲ್ಪ ಕಲಸಿದ್ದರೆ ಅದು ಕೆಟ್ಟ ಫೋಟೊ ಅಲ್ಲ. ಕೈ ಓಡುತ್ತಿತ್ತು ಅನ್ನುವುದು ಓದುಗರಿಗೆ ಅದರಿಂದಲೇ ತಿಳಿಯುತ್ತದೆ. ನನ್ನನ್ನು ಕೇಳಿದರೆ ತಾಳವಾದ್ಯದವರ ಕೈ ಪೂರ್ತಿ ಹೆಪ್ಪುಗಟ್ಟಿದ ಫೋಟೊಗಿಂತ ಅದೇ ಜಾಸ್ತಿ ಜೀವಂತ.

ನಮ್ಮ ಕಡೆಯವರ ಬಗ್ಗೆಯೂ ಒಂದು ಮಾತು ಹೇಳಬೇಕು. "ನೀವು ಲೈಟ್‌ನವರು ವೇದಿಕೆಯನ್ನೆಲ್ಲ ಕೆಂಪು ನೀಲಿ ಮಾಡ್ತೀರಿ, ನಾವೇನು ಮಾಡೋದು" ಅನ್ನುವ ಛಾಯಾಗ್ರಾಹಕರ ಸಿಟ್ಟಿಗೆ ಅರ್ಥವಿದೆ. ಎಲ್‌ಇಡಿ ಲೈಟುಗಳು ಬಂದ ಮೇಲೆ ಬೆರಳ ತುದಿಯಲ್ಲಿ ಬೇಕಾದ ಬಣ್ಣ. ಅದೂ ತುಂಬ ಗಾಢವಾದ ಬಣ್ಣ. ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರಿನಲ್ಲಿ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ. ಮುಖದ ಮೇಲೆ ಬರೀ ಕೆಂಪು ಬೆಳಕು ಬಿದ್ದರೆ ಕಾಲು ಭಾಗ ಪಿಕ್ಸೆಲ್‌ಗಳಷ್ಟೇ ಕೆಲಸ ಮಾಡುತ್ತವೆ, ಅವೂ ಬೇಗ ತುಂಬಿಹೋಗುತ್ತವೆ. ಮೂಗು, ಕೆನ್ನೆ, ಹಣೆ ಎಲ್ಲ ಒಂದೇ ಕೆಂಪು ಮುದ್ದೆ. ಇದಕ್ಕೆ ಛಾಯಾಗ್ರಾಹಕರು ಮಾಡಬಹುದಾದದ್ದು ಕಡಿಮೆ. ಎಕ್ಸ್‌ಪೋಶರ್ ಇಳಿಸಬಹುದು, ಕಪ್ಪು ಬಿಳುಪಿಗೆ ತಿರುಗಿಸಬಹುದು. ಬಣ್ಣ ಹಿಂದಿನ ಪರದೆಗೆ, ಅಂಚಿನ ಬೆಳಕಿಗೆ ಇರಲಿ, ಮುಖಕ್ಕೆ ಯಾವಾಗಲೂ ಒಂದಿಷ್ಟು ಬೆಚ್ಚಗಿನ ಬಿಳಿ ಉಳಿಯಲಿ. ನನ್ನ ಜೊತೆ ಕೆಲಸ ಮಾಡುವ ಹುಡುಗರಿಗೆ ನಾನು ಹೇಳುವುದು ಇದನ್ನೇ. ಫೋಟೊಗೋಸ್ಕರ ಮಾತ್ರವಲ್ಲ, ಹಿಂದಿನ ಸಾಲಿನಲ್ಲಿ ಕೂತವರಿಗೂ ಹಾಡುವವರ ಮುಖ ಕಾಣಬೇಕು.

ಎಲ್‌ಇಡಿಯಿಂದ ಇನ್ನೊಂದು ಸಮಸ್ಯೆ ಇದೆ. ಇಂಥ ಬಹಳಷ್ಟು ಲೈಟುಗಳನ್ನು ಮಂದ ಮಾಡಿದಾಗ ಅವು ನಿಜಕ್ಕೂ ಬಹಳ ಬೇಗ ಬೇಗ ಆರಿ ಹೊತ್ತುತ್ತಿರುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಫೋಟೊದಲ್ಲಿ ಅಡ್ಡ ಪಟ್ಟಿಗಳು ಬೀಳುತ್ತವೆ. ಸದ್ದಾಗಬಾರದು ಅನ್ನುವ ಒಳ್ಳೆಯ ಉದ್ದೇಶದಿಂದ ಸೈಲೆಂಟ್ ಶಟರ್ ಹಾಕಿದವರಿಗೆ ಈ ಪಾಡು. ಮೊದಲ ಹಾಡಿನಲ್ಲೇ ಒಂದು ಫೋಟೊ ತೆಗೆದು ಹಿಗ್ಗಿಸಿ ನೋಡಬೇಕು. ಪಟ್ಟಿ ಕಂಡರೆ ಶಟರ್ ವೇಗ ಇಳಿಸಬೇಕು, ಅದಕ್ಕೂ ಬಗ್ಗದಿದ್ದರೆ ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ ಹಾಡು ಜೋರಾಗಿರುವ ಕಡೆ ಮಾತ್ರ ತೆಗೆಯಬೇಕು. ಫ್ಲ್ಯಾಶ್ ಆಫ್ ಮಾಡಿದವರು ಫೋಕಸ್‌ಗೆ ನೆರವಾಗುವ ಪುಟ್ಟ ಲೈಟನ್ನು ಆಫ್ ಮಾಡಲು ಮರೆಯುತ್ತಾರೆ. ಅದೂ ನೇರ ಹಾಡುವವರ ಕಣ್ಣಿಗೇ ಬೀಳುತ್ತದೆ. ಮೆನುವಿನಲ್ಲಿ ಹುಡುಕಿ ಅದನ್ನೂ ಆಫ್ ಮಾಡಿ.

ಪ್ರೇಕ್ಷಕರ ಫೋನುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋನಿನ ಪುಟ್ಟ ಎಲ್‌ಇಡಿ ಬೆಳಕು ಕೆಲವು ಮೀಟರ್‌ಗಿಂತ ಆಚೆ ಹೋಗುವುದಿಲ್ಲ. ಹದಿನೈದನೇ ಸಾಲಿನಿಂದ ಫ್ಲ್ಯಾಶ್ ಹಾಕಿದರೆ ಬೆಳಗುವುದು ಮುಂದೆ ಕೂತವರ ತಲೆ ಮಾತ್ರ. ಫ್ಲ್ಯಾಶ್ ಆಟೊದಲ್ಲಿರುವುದರಿಂದ ಬಹಳ ಜನರಿಗೆ ತಮ್ಮ ಫೋನು ಮಿಂಚಿದ್ದೂ ಗೊತ್ತಿರುವುದಿಲ್ಲ. ನಿಮ್ಮ ಪುಟದಲ್ಲಿ ಕಾರ್ಯಕ್ರಮಗಳ ಪಟ್ಟಿ ಹಾಕುತ್ತೀರಿ. ಅದರ ಕೆಳಗೆ "ಫೋನಿನ ಫ್ಲ್ಯಾಶ್ ಆಫ್ ಮಾಡಿಟ್ಟುಕೊಳ್ಳಿ" ಅಂತ ಒಂದು ಸಾಲು ಹಾಕಿದರೆ ದೊಡ್ಡ ಉಪಕಾರ.

ದೊಡ್ಡ ರಾಕ್ ಕಾರ್ಯಕ್ರಮಗಳಲ್ಲಿ ಒಂದು ನಿಯಮ ಬಹಳ ಕಾಲದಿಂದ ರೂಢಿಯಲ್ಲಿದೆ. ಮೊದಲ ಮೂರು ಹಾಡು ಮಾತ್ರ, ಫ್ಲ್ಯಾಶ್ ಇಲ್ಲ. ಫ್ಲ್ಯಾಶ್ ಇಲ್ಲ ಅನ್ನುವ ಭಾಗ ನನಗೆ ಒಪ್ಪಿಗೆ. ಮೂರೇ ಹಾಡು ಅನ್ನುವುದು ಒಪ್ಪಿಗೆಯಿಲ್ಲ. ಮೊದಲ ಹಾಡುಗಳಲ್ಲಿ ಕಲಾವಿದರು ಇನ್ನೂ ಸದ್ದು ಸರಿಮಾಡಿಕೊಳ್ಳುತ್ತಿರುತ್ತಾರೆ, ಸಭೆಯನ್ನು ಅಳೆಯುತ್ತಿರುತ್ತಾರೆ. ಮುಖ ಬಿಚ್ಚಿಕೊಳ್ಳುವುದು ಆಮೇಲೆ. ಫ್ಲ್ಯಾಶ್ ಇಲ್ಲದೆ, ಓಡಾಡದೆ, ಒಂದು ಕಡೆ ಕೂತು ತೆಗೆಯುವವರನ್ನು ಕೊನೆಯವರೆಗೂ ಬಿಡುವುದರಿಂದ ಯಾರಿಗೂ ನಷ್ಟವಿಲ್ಲ. ಆಯೋಜಕರು ಇದನ್ನು ಯೋಚಿಸಬೇಕು. ಛಾಯಾಗ್ರಾಹಕರಿಗೆ ವೇದಿಕೆಯ ಒಂದು ಪಕ್ಕದಲ್ಲಿ ಕುರ್ಚಿ ಕೊಟ್ಟರೆ ಸಾಕು. ಪಕ್ಕದಿಂದ ನೋಡಿದಾಗ ಎದುರಿನ ಬೆಳಕು ಮುಖವನ್ನು ಅರ್ಧ ಬೆಳಗಿಸಿ ಅರ್ಧ ನೆರಳಲ್ಲಿ ಬಿಡುತ್ತದೆ. ಚೆಂದದ ಫೋಟೊಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮೈಕೂ ಮುಖಕ್ಕೆ ಅಡ್ಡ ಬರುವುದಿಲ್ಲ.

ಮುಂದಿನ ಸಲ ನಾನು ಬೆಳಕು ಮಾಡುವ ಕಛೇರಿಗೆ ನಿಮ್ಮ ಛಾಯಾಗ್ರಾಹಕರು ಬಂದರೆ, ಶುರುವಾಗುವುದಕ್ಕೆ ಅರ್ಧ ಗಂಟೆ ಮೊದಲು ಲೈಟ್ ಬೋರ್ಡಿನ ಹತ್ತಿರ ಬರಲು ಹೇಳಿ. ಯಾವ ಹಾಡಿಗೆ ಬೆಳಕು ಏರುತ್ತದೆ, ಎಲ್ಲಿ ಇಳಿಯುತ್ತದೆ, ಯಾವಾಗ ಹಿಂದಿನ ಲೈಟು ಮಾತ್ರ ಉಳಿಯುತ್ತದೆ ಅನ್ನುವ ಪಟ್ಟಿ ನನ್ನ ಹತ್ತಿರ ಇರುತ್ತದೆ. ಅದರ ಒಂದು ಪ್ರತಿ ಕೊಡುತ್ತೇನೆ. ಸೌಂಡ್ ಚೆಕ್ ಹೊತ್ತಿನಲ್ಲಿ ಹಾಡುವವರ ಜಾಗದಲ್ಲಿ ಯಾರನ್ನಾದರೂ ಕೂರಿಸಿ ಮುಖದ ಬೆಳಕನ್ನು ಮೀಟರ್‌ನಲ್ಲಿ ಅಳೆದು ಅಂಕಿಯನ್ನೂ ಬರೆದುಕೊಡುತ್ತೇನೆ. ಅವರು ತಂದ ಫೋಟೊಗಳಲ್ಲಿ ಫ್ಲ್ಯಾಶ್ ಇಲ್ಲದ್ದನ್ನು ಒಂದು ಸಲ ಅಚ್ಚುಹಾಕಿ ನೋಡಿ. ಓದುಗರು ಏನನ್ನುತ್ತಾರೆ ಅಂತ ಇದೇ ಅಂಕಣದಲ್ಲಿ ಗೊತ್ತಾಗುತ್ತದೆ.

ಇಂತಿ,
ವೇದಿಕೆಗೆ ಬೆಳಕು ಮಾಡುವ, ನಿಮ್ಮ ಓದುಗರಲ್ಲಿ ಒಬ್ಬಳು